ಸುಬೇದಾರರ ಅಂಗಾಲು

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟ ಕೂಡಲೇ “ಅಯ್ಯಪ್ಪಾ” ಎಂದು ಗೋಡೆ ಹಿಡಿದುಕೊಳ್ಳುವುದು ಮಾಚಮ್ಮನವರಿಗೆ ಎರಡು ತಿಂಗಳಿನಿಂದ ರೂಢಿಯಾಗಿಬಿಟ್ಟಿತ್ತು. ದೆಹಲಿಯ ಪೀತಮ್‌ಪುರದಲ್ಲಿ ಎರಡನೇ ಮಹಡಿಯ ಮನೆ. ನೆಲಕ್ಕೆಲ್ಲ ನುಣುಪಾದ ಮಾರ್ಬಲ್ ಕಲ್ಲು. ಅದರ ಮೇಲೆ ಬರಿಗಾಲಿನಲ್ಲಿ ಇಡೀ ದಿನದ ಓಡಾಟ.

“ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗೆ ಆಗುತ್ತೆ,” ಎಂದರು ಅವರು.

“ನಾಲ್ಕು ಹೆಜ್ಜೆ ನಡಿ, ತಾನಾಗೇ ಹೋಗುತ್ತೆ,” ಎಂದರು ಪತ್ರಿಕೆ ಓದುತ್ತಿದ್ದ ಗಂಡ ಚಂಗಪ್ಪ.

“ಹೋಗುತ್ತೆ. ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಬರುತ್ತೆ.”

ಚಂಗಪ್ಪನವರು ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಕೊಡಗಿನವರು. ಮೀಸೆ ಈಗಲೂ ಡ್ಯೂಟಿಯಲ್ಲೇ ಇದೆ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆಯೂ ಇದೆ, ನೆನಪಾದ ದಿನ ಅದನ್ನು ನುಂಗುವುದೂ ಇದೆ. ಜಗತ್ತಿನ ಯಾವ ನೋವಿಗೂ ತಮ್ಮ ಹತ್ತಿರ ಮದ್ದಿದೆ ಎಂಬ ಭರವಸೆ ಬೇರೆ.

ಆ ದಿನಗಳಲ್ಲಿ ಅವರು ಒಳ್ಳೆ ಖುಷಿಯಲ್ಲಿದ್ದರು. ತಂಗಿ ಕುಸುಮಳ ಮಗಳು ಸಿಂಧೂರಳ ಮದುವೆ ಗೊತ್ತಾಗಿತ್ತು. ಹುಡುಗನ ಮನೆಯವರೂ ದೆಹಲಿಯಲ್ಲೇ ಇದ್ದ ಕೊಡವರು, ಹಾಗಾಗಿ ಮದುವೆಯೂ ಇಲ್ಲೇ. ಕೊಡವರ ಮದುವೆಯಲ್ಲಿ ವಾಲಗದ ಸದ್ದಿನ ನಡುವೆ ಒಡಿಕತ್ತಿಯಿಂದ ಬಾಳೆದಿಂಡುಗಳನ್ನು ಒಂದೊಂದೇ ಏಟಿಗೆ ಕಡಿಯುವ ಶಾಸ್ತ್ರವಿದೆ. ಬಾಳೆ ಬಿರುದು ಎನ್ನುತ್ತಾರೆ. ಹೆಣ್ಣಿನ ಕಡೆಯಿಂದ ಆ ಗೌರವ ಸೋದರಮಾವನದ್ದು.

“ಅಣ್ಣ, ಕತ್ತಿ ನಿನ್ನದೇ,” ಎಂದು ಕುಸುಮ ಫೋನ್ ಮಾಡಿದ ದಿನ ಚಂಗಪ್ಪನವರು ಎರಡು ಸಲ ಕನ್ನಡಿಯ ಮುಂದೆ ನಿಂತು ಬಂದರು. ಅವರಿಗೆ ಹೆಣ್ಣುಮಕ್ಕಳಿಲ್ಲ. ಸಿಂಧೂರಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು. ಈ ಗೌರವ ಕೈತಪ್ಪಿದರೆ ತಡೆದುಕೊಳ್ಳುವ ಶಕ್ತಿ ಆ ಗಟ್ಟಿ ಮನುಷ್ಯನಿಗೆ ಇರಲಿಲ್ಲ.

ಇರಲಿ, ಮಾಚಮ್ಮನವರ ಹಿಮ್ಮಡಿಗೆ ಬರೋಣ.

ಮೇಲಿನ ಮಹಡಿಯಲ್ಲಿ ಪ್ರೇರಣಾ ಎಂಬ ಹುಡುಗಿ ಬಾಡಿಗೆಗಿದ್ದಳು. ಹಾಸನದವಳು. ಹತ್ತಿರದ ಒಂದು ಪಾದದ ಚಿಕಿತ್ಸಾಲಯದಲ್ಲಿ ಪೋಡಿಯಾಟ್ರಿಸ್ಟ್. ಮಾಚಮ್ಮ ಕುಂಟುವುದನ್ನು ಮೆಟ್ಟಿಲ ಮೇಲೆ ನೋಡಿ ಅವಳೇ ಕೇಳಿದಳು, “ಆಂಟಿ, ಕ್ಲಿನಿಕ್‌ಗೆ ಬನ್ನಿ, ನೋಡ್ತೀನಿ.”

“ಅದೇನಮ್ಮ ನಿನ್ನ ಕೆಲಸ?” ಎಂದರು ಚಂಗಪ್ಪ.

“ಪಾದ, ಹಿಮ್ಮಡಿ, ಕಾಲಿನ ಗಿಣ್ಣು, ಉಗುರು. ಇವುಗಳ ತೊಂದರೆ ನೋಡೋದೇ ನನ್ನ ಕೆಲಸ, ಅಂಕಲ್.”

“ಅಚ್ಛಾ. ಪಾದಕ್ಕೂ ಒಬ್ಬರು ಡಾಕ್ಟರು. ನಾಳೆ ಹೆಬ್ಬೆರಳಿಗೆ ಒಬ್ಬರು, ಕಿರುಬೆರಳಿಗೆ ಒಬ್ಬರು ಬರ್ತಾರೆ.” ತಮ್ಮ ಮಾತಿಗೆ ತಾವೇ ನಕ್ಕರು. “ನೀನು ತಲೆ ಕೆಡಿಸ್ಕೋಬೇಡಮ್ಮ. ಇದಕ್ಕೆ ಎಕ್ಕದ ಎಲೆ, ಬಿಸಿ ಇಟ್ಟಿಗೆ. ಅಷ್ಟೇ.”

ಭಾನುವಾರ ಅವರೇ ಹೋಗಿ ರೈಲು ಹಳಿಯ ಪಕ್ಕದಲ್ಲಿ ಬೆಳೆದಿದ್ದ ಎಕ್ಕದ ಗಿಡದಿಂದ ಎಲೆ ಕಿತ್ತು ತಂದರು. ಇಟ್ಟಿಗೆಯನ್ನು ಗ್ಯಾಸ್ ಒಲೆಯ ಮೇಲಿಟ್ಟು ಕಾಯಿಸಿದರು. ಮೇಲೆ ಎಲೆ ಹಾಸಿ, “ಹೂಂ, ಇಡು” ಎಂದರು. ಮಾಚಮ್ಮ ಹಿಮ್ಮಡಿ ತಾಗಿಸಿದವರೇ “ಉಸ್ಸ್” ಎಂದು ಕಾಲು ಹಿಂದಕ್ಕೆಳೆದುಕೊಂಡರು.

“ಇಷ್ಟಕ್ಕೇನಾ?” ಎಂದು ಚಂಗಪ್ಪನವರು ಕುರ್ಚಿ ಎಳೆದು ಕೂತು ತಮ್ಮ ಬಲಪಾದವನ್ನು ಇಟ್ಟಿಗೆಯ ಮೇಲೆ ಊರಿದರು. “ಸಿಯಾಚಿನ್ ಮಂಜು ಕಂಡ ಕಾಲಿದು, ಜೈಸಲ್ಮೇರಿನ ಮರಳು ಕಂಡ ಕಾಲಿದು. ನೋಡು, ಎಣಿಸ್ತೀನಿ.” ಅರವತ್ತರವರೆಗೂ ಎಣಿಸಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಮಾಚಮ್ಮ ಬೆರಗಾಗಿ ನೋಡುತ್ತಿದ್ದರು. ಸುಬೇದಾರರಿಗೆ ಅದಕ್ಕಿಂತ ದೊಡ್ಡ ಪದಕ ಬೇಕಿರಲಿಲ್ಲ.

ಮರುದಿನ ಸ್ನಾನ ಮಾಡುವಾಗ ನೋಡಿದರೆ ಹೆಬ್ಬೆರಳ ಬುಡದಲ್ಲಿ, ಅಂಗಾಲು ಜಡ್ಡುಗಟ್ಟಿದ್ದ ಜಾಗದಲ್ಲೇ, ನಿಂಬೆಹೋಳಿನಷ್ಟು ಬೊಬ್ಬೆ ಎದ್ದಿತ್ತು. ನೋವು ಮಾತ್ರ ಎಳ್ಳಷ್ಟೂ ಇರಲಿಲ್ಲ. ಎರಡು ದಿನಕ್ಕೆ ಅದು ಒಡೆದು ಹೋಯಿತು. ಆಗಲೂ ನೋವಿಲ್ಲ. ನೋವಿಲ್ಲದ ಮೇಲೆ ಗಾಯ ಎಂಥದ್ದು ಎಂದು ಸಮಾಧಾನ ಮಾಡಿಕೊಂಡರು. ಹೇಳಿದರೆ ಮನೆಯಲ್ಲಿ ರಾದ್ಧಾಂತವಾಗುತ್ತದೆ, ಕುಸುಮಳಿಗೆ ಸುದ್ದಿ ಹೋಗುತ್ತದೆ, “ಅಣ್ಣನಿಗೆ ಆಗಲ್ಲ, ಪೊನ್ನಣ್ಣನೇ ಕಡೀಲಿ” ಎಂದು ಕತ್ತಿ ತಮ್ಮನ ಕೈಗೆ ಹೋಗುತ್ತದೆ. ಆದ್ದರಿಂದ ಮನೆಯೊಳಗೂ ಸಾಕ್ಸ್ ಹಾಕಿಕೊಂಡು ತಿರುಗತೊಡಗಿದರು. ಮೇ ತಿಂಗಳ ದೆಹಲಿಯಲ್ಲಿ ಸಾಕ್ಸ್. ಕೇಳಿದರೆ “ಶಿಸ್ತು” ಎನ್ನುತ್ತಿದ್ದರು.

ಇಟ್ಟಿಗೆಯಿಂದ ಮಾಚಮ್ಮನವರ ಹಿಮ್ಮಡಿಗೆ ಏನೂ ಆಗಲಿಲ್ಲ. ಎಂಟನೆಯ ದಿನ ಅವರು, “ನಾನು ಪ್ರೇರಣಾ ಹತ್ತಿರ ಹೋಗ್ತೀನಿ. ಬರೋದಾದರೆ ಬನ್ನಿ,” ಎಂದು ಹೊರಟೇಬಿಟ್ಟರು. ಚಂಗಪ್ಪನವರು ಹಿಂದೆ ಹೋದರು, ಹೆಂಡತಿಗೆ ಜೊತೆಯಾಗಲೆಂದು.

ಬಾಗಿಲಲ್ಲೇ ಅವರು ಶೂ ಬಿಚ್ಚಿದರು. ಯಾರ ಮನೆಗೆ ಹೋದರೂ ಹೊರಗೆ ಬಿಟ್ಟು ಹೋಗುವ ಅಭ್ಯಾಸ. ಒಳಗೆ ಏಳೆಂಟು ಜನ ಕೂತಿದ್ದರು. ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್ ಪರೀಕ್ಷೆಗೆ ಓದುವ ಒಬ್ಬ ಹುಡುಗಿಯ ಹೆಬ್ಬೆರಳ ಉಗುರು ಮಾಂಸದೊಳಕ್ಕೆ ಬೆಳೆದು ಕೆಂಪಾಗಿತ್ತು. ಮೆಟ್ರೋ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡ ಗುಮಾಸ್ತರೊಬ್ಬರು ಗಿಣ್ಣಿಗೆ ಪಟ್ಟಿ ಕಟ್ಟಿಕೊಂಡು, ತೂಕ ಸರಿಯಾಗಿ ಊರುವ ವ್ಯಾಯಾಮ ಕಲಿಯುತ್ತಿದ್ದರು. ಇಷ್ಟೊಂದು ಪಾದಗಳಿಗೆ ಇಷ್ಟೊಂದು ಕಷ್ಟವೇ ಎಂದು ಚಂಗಪ್ಪನವರಿಗೆ ಸೋಜಿಗವಾಯಿತು.

ಪ್ರೇರಣಾ ಮಾಚಮ್ಮನವರ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನಡೆಸಿ ನೋಡಿದಳು.

“ಆಂಟಿ, ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನ ಒಳಗೆ ಒಂದು ಪಟ್ಟಿ ಇರುತ್ತೆ. ಅದು ಎಳೆದು ಎಳೆದು ಊದಿಕೊಂಡಿದೆ. ಕಲ್ಲುನೆಲದ ಮೇಲೆ ಬರಿಗಾಲಲ್ಲಿ ಓಡಾಡೋರಿಗೆ ತುಂಬಾ ಬರುತ್ತೆ. ಹಾಸಿಗೆ ಬಿಡೋ ಮೊದಲೇ ಒಂದು ಟವಲಿನಿಂದ ಪಾದನ ನಿಮ್ಮ ಕಡೆ ಎಳೆದು ಮೂವತ್ತು ಎಣಿಸಿ. ಸಂಜೆ ಫ್ರಿಜ್ಜಲ್ಲಿಟ್ಟ ನೀರಿನ ಬಾಟಲಿ ಮೇಲೆ ಅಂಗಾಲು ಉರುಳಿಸಿ. ಮನೆಯಲ್ಲಿ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ.”

“ದೀಪ ಹಚ್ಚೋ ಮನೆಯೊಳಗೆ ಚಪ್ಪಲಿಯಾ?”

“ಹೊಸದು ತಗೊಳ್ಳಿ. ಹೊಸಿಲು ದಾಟಿಸಬೇಡಿ. ಅದು ಬೀದಿಯನ್ನೇ ಕಾಣದ ಚಪ್ಪಲಿ, ಅದಕ್ಕೆ ಮೈಲಿಗೆ ಎಲ್ಲಿಂದ ಬರುತ್ತೆ? ದೀಪದ ಹತ್ತಿರ ಹೋಗುವಾಗ ಬಿಟ್ಟು ಹೋಗಿ.”

ಮಾಚಮ್ಮ ಯೋಚಿಸಿ, ಅದೂ ಸರಿಯೆಂದು ತಲೆಯಾಡಿಸಿದರು. “ಇಂಜೆಕ್ಷನ್, ಆಪರೇಷನ್ ಏನೂ ಬೇಡ್ವಾ?”

“ಬಹಳಷ್ಟು ಜನಕ್ಕೆ ಇಷ್ಟರಲ್ಲೇ ಸರಿಹೋಗುತ್ತೆ. ತಿಂಗಳಲ್ಲಿ ನೋವು ಇಳಿಯುತ್ತೆ. ಪೂರ್ತಿ ಹೋಗೋಕೆ ಕೆಲವು ತಿಂಗಳು ಹಿಡಿಯಬಹುದು, ಬಿಡದೆ ಮಾಡಿ.”

ಇಷ್ಟು ಹೇಳಿ ಪ್ರೇರಣಾ ನೆಲ ನೋಡಿದಳು. ಬಿಳಿ ಟೈಲ್ಸ್ ಮೇಲೆ ಬಾಗಿಲಿನಿಂದ ಚಂಗಪ್ಪನವರ ಕುರ್ಚಿಯವರೆಗೆ ಹಳದಿ ಬಣ್ಣದ ಒದ್ದೆ ಗುರುತುಗಳು. ಬಲಗಾಲಿನದ್ದು ಮಾತ್ರ.

“ಅಂಕಲ್, ಸ್ವಲ್ಪ ಸಾಕ್ಸ್ ತೆಗೀತೀರಾ?”

“ನನಗೇನೂ ಇಲ್ಲಮ್ಮ. ಚಲೋ, ಹೊರಡೋಣ.”

“ತೆಗೀರಿ,” ಎಂದರು ಮಾಚಮ್ಮ. ಆ ದನಿಗೆ ಸೈನ್ಯದಲ್ಲೂ ಎದುರುತ್ತರ ಇರಲಿಲ್ಲ.

ಸಾಕ್ಸ್ ಅಂಟಿಕೊಂಡಿತ್ತು. ಪ್ರೇರಣಾ ಉಪ್ಪುನೀರು ಹಾಕಿ ಮೆಲ್ಲಗೆ ಬಿಡಿಸಿದಳು. ಗಾಯ ಕಂಡ ಮಾಚಮ್ಮ ಬಾಯಿಗೆ ಸೆರಗು ಹಿಡಿದರು. “ಎಂಟು ದಿನ ಇದನ್ನ ಮುಚ್ಚಿಕೊಂಡು ನನ್ನ ಪಕ್ಕದಲ್ಲೇ ಊಟ ಮಾಡಿದ್ರಲ್ಲ,” ಎಂದರು. ಅವರಿಗೆ ಗಾಯಕ್ಕಿಂತ ಆ ಮುಚ್ಚುಮರೆಯೇ ಹೆಚ್ಚು ನೋವು ಕೊಟ್ಟಿತು.

“ನೋವೇ ಇಲ್ಲ ಮಾರಾಯ್ತಿ. ನನ್ನ ಕಾಲು ಗಟ್ಟಿ.”

“ಅದನ್ನೂ ನೋಡೋಣ,” ಎಂದಳು ಪ್ರೇರಣಾ. ಮೀನುಗಾಳದ ದಾರದಂಥ ಒಂದು ಸಣ್ಣ ನೈಲಾನ್ ಎಳೆ ತೆಗೆದುಕೊಂಡಳು. “ಕಣ್ಣು ಮುಚ್ಚಿ, ಅಂಕಲ್. ಇದರಿಂದ ಪಾದ ಮುಟ್ಟಿದಾಗಲೆಲ್ಲ ಹೂಂ ಅನ್ನಿ.”

ಚಂಗಪ್ಪನವರು ಕಣ್ಣು ಮುಚ್ಚಿ ನೆಟ್ಟಗೆ ಕೂತರು. ಫ್ಯಾನಿನ ಸದ್ದು ಕೇಳುತ್ತಿತ್ತು. ಹೊರಗೆ ತರಕಾರಿ ಭಯ್ಯಾ ಕೂಗುತ್ತಿದ್ದ. ಕಾದರು, ಕಾದರು, ಬೇಸರವಾಯಿತು.

“ಯಾವಾಗ ಶುರು ಮಾಡ್ತೀಯಮ್ಮ?”

“ಹತ್ತು ಕಡೆ ಮುಟ್ಟಿ ಆಯ್ತು, ಅಂಕಲ್.”

ಅವರು ಕಣ್ಣು ಬಿಟ್ಟರು. ದಾರ ಆಗಲೂ ಅಂಗಾಲಿಗೆ ಒತ್ತಿ ಬಾಗಿಕೊಂಡೇ ಇತ್ತು. ಕಣ್ಣಿಗೆ ಕಾಣುತ್ತಿದೆ, ಪಾದಕ್ಕೆ ತಿಳಿಯುತ್ತಿಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಹೆದರದಿದ್ದ ಮನುಷ್ಯ ಅವತ್ತು ಹೆದರಿದರು.

ಪ್ರೇರಣಾ ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತಳು. “ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಪಾದದ ನರಗಳು ನಿಧಾನವಾಗಿ ಸ್ಪರ್ಶ ಕಳಕೊಳ್ತವೆ. ಬಿಸಿ ಗೊತ್ತಾಗಲ್ಲ, ಕಲ್ಲು ಚುಚ್ಚಿದ್ದು ಗೊತ್ತಾಗಲ್ಲ. ನೋವು ಅನ್ನೋದು ಕಾವಲುಗಾರ, ಅಂಕಲ್. ನಿಮ್ಮ ಪಾದದಲ್ಲಿ ಕಾವಲುಗಾರ ನಿದ್ದೆ ಮಾಡ್ತಿದ್ದಾನೆ. ಅದನ್ನ ನೀವು ಗಟ್ಟಿತನ ಅಂದ್ಕೊಂಡಿದ್ದೀರಿ.”

ಚಂಗಪ್ಪನವರು ಬಗ್ಗಿ ಕಾಲಿನ ಕಿರುಬೆರಳನ್ನು ತಾವೇ ಚಿವುಟಿ ನೋಡಿದರು.

“ಸೈನ್ಯದಲ್ಲಿ ಪಾದ ಹೇಗೆ ನೋಡಿಕೊಳ್ತಿದ್ರಿ?”

ಈ ಪ್ರಶ್ನೆಗೆ ಅವರು ನೆಟ್ಟಗಾದರು. “ಮಾರ್ಚ್ ಮುಗಿದ ಮೇಲೆ ಮೂವತ್ತು ಜನರೂ ಬೂಟ್ ಬಿಚ್ಚಿ ಸಾಲಾಗಿ ಕೂರಬೇಕು. ನಾನೇ ಬಗ್ಗಿ ಒಬ್ಬೊಬ್ಬರ ಪಾದ ನೋಡ್ತಿದ್ದೆ. ಬೆರಳ ಸಂದಿ ಕೂಡ. ಬೊಬ್ಬೆ ಮುಚ್ಚಿಟ್ಟವನಿಗೆ ಶಿಕ್ಷೆ.”

“ಯಾಕೆ ಶಿಕ್ಷೆ?”

“ಒಬ್ಬನ ಕಾಲು ಕೆಟ್ಟರೆ ಇಡೀ ಪ್ಲಟೂನ್ ನಿಂತು ಹೋ...” ಎಂದವರು ಅಲ್ಲಿಗೇ ನಿಲ್ಲಿಸಿದರು.

“ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ,” ಎಂದರು ಮಾಚಮ್ಮ, ಕಣ್ಣೊರೆಸಿಕೊಳ್ಳುತ್ತಲೇ.

ಚಂಗಪ್ಪನವರು ಕೊನೆಗೆ ಒಳಗಿದ್ದುದನ್ನು ಹೇಳಿಕೊಂಡರು. ಇನ್ನು ಐದು ವಾರಕ್ಕೆ ಮದುವೆ. ಬಾಳೆ ಕಡಿಯಬೇಕು. ಆಗುತ್ತದೋ ಇಲ್ಲವೋ?

ಪ್ರೇರಣಾ ಸುಳ್ಳು ಹೇಳಲಿಲ್ಲ. “ಗಾಯ ಮೇಲ್ಮೇಲೇ ಇದೆ, ಮೂಳೆ ತನಕ ಹೋಗಿಲ್ಲ. ಆದರೆ ಗಾಯ ವಾಸಿಯಾಗೋದು ನಿಮ್ಮ ಕೈಲಿದೆ. ಹೇಳಿದ್ದು ಕೇಳಿದರೆ ಆಗಬಹುದು. ಕೇಳದೇ ಇದ್ದರೆ ನಾನು ಕತ್ತಿ ಬಗ್ಗೆ ಅಲ್ಲ, ಕಾಲು ಉಳಿಸೋ ಬಗ್ಗೆ ಯೋಚಿಸಬೇಕಾಗುತ್ತೆ.”

ಒಂದು ಪುಟ್ಟ ಯಂತ್ರವನ್ನು ಪಾದಕ್ಕಿಟ್ಟು ರಕ್ತ ಹರಿಯುವ ಸದ್ದು ಕೇಳಿಸಿದಳು. ಧಕ್ ಧಕ್ ಎಂದು ಚೆನ್ನಾಗಿ ಬರುತ್ತಿತ್ತು. ಅದು ಒಳ್ಳೆಯ ಸುದ್ದಿ. ಗಾಯದ ಸುತ್ತ ಜಡ್ಡುಗಟ್ಟಿದ್ದ ಚರ್ಮವನ್ನು ಶುದ್ಧ ಮಾಡಿದ ಸಲಕರಣೆಯಿಂದ ಎಚ್ಚರಿಕೆಯಿಂದ ಸವರಿ ತೆಗೆದಳು. ಸುಬೇದಾರರು ಅದನ್ನು ಇಷ್ಟು ದಿನ ಶೇವಿಂಗ್ ಬ್ಲೇಡಿನಿಂದ ಕೆರೆಯುತ್ತಿದ್ದರು ಎಂದು ತಿಳಿದಾಗ, ಆ ಬ್ಲೇಡ್ ಮೀಸೆಯ ಪಕ್ಕಕ್ಕೆ ಮಾತ್ರ ಇರಲಿ ಎಂದಳು. ಅಂಗಡಿಯಲ್ಲಿ ಸಿಗುವ, ಆಣಿಗೆ ಅಂಟಿಸುವ ಔಷಧಿ ಪಟ್ಟಿಯೂ ಸಕ್ಕರೆ ಕಾಯಿಲೆಯವರಿಗೆ ಬೇಡ, ಅದರ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ ಎಂದಳು. ಡ್ರೆಸ್ಸಿಂಗ್ ಮಾಡಿ, ಗಾಯದ ಮೇಲೆ ಭಾರ ಬೀಳದಂತೆ ಮಾಡಿದ ಬೇರೆ ತರಹದ ಪಾದರಕ್ಷೆ ಕೊಟ್ಟಳು. ಸಕ್ಕರೆ ಕಾಯಿಲೆಯ ವೈದ್ಯರಿಗೆ ಚೀಟಿ ಬರೆದಳು. ಕೆಂಪಗಾದರೆ, ಊದಿದರೆ, ವಾಸನೆ ಬಂದರೆ, ಜ್ವರ ಬಂದರೆ ಅದೇ ದಿನ ಬರಬೇಕು ಎಂದು ಎರಡು ಸಲ ಹೇಳಿದಳು.

“ಮತ್ತೆ ಕೂತಿರಬೇಕು, ಅಂಕಲ್. ನಡೆದಾಡಿದರೆ ಈ ಚಿಕಿತ್ಸೆಯೆಲ್ಲ ನೀರಲ್ಲಿ ಹೋಮ.”

ಕೂತಿರುವುದು. ಸಿಯಾಚಿನ್ ಎಷ್ಟೋ ವಾಸಿ ಎನಿಸಿತು ಚಂಗಪ್ಪನವರಿಗೆ.

ಆದರೆ ಕೂತರು. ಬೆಳಗಿನ ಪಾರ್ಕು ಬಿಟ್ಟರು, ಮಾರ್ಕೆಟ್ ಬಿಟ್ಟರು. ವೈದ್ಯರು ಬದಲಿಸಿಕೊಟ್ಟ ಮಾತ್ರೆಯನ್ನು ಊಟದ ಗಂಟೆಯಂತೆ ಹೊತ್ತು ತಪ್ಪದೆ ನುಂಗಿದರು. ವಾರಕ್ಕೊಮ್ಮೆ ಆಟೋದಲ್ಲಿ ಕ್ಲಿನಿಕ್ಕಿಗೆ ಹೋಗಿ ಬಂದರು. ಮಾಚಮ್ಮ ಹೊಸ ಚಪ್ಪಲಿಯಲ್ಲಿ ಚಟಪಟ ಓಡಾಡುತ್ತ, ಗಂಡ ಕುರ್ಚಿಯಿಂದ ಏಳಲು ನೋಡಿದರೆ ಅಡುಗೆಮನೆಯಿಂದಲೇ ಕೆಮ್ಮುತ್ತಿದ್ದರು.

ಎರಡನೆಯ ವಾರ ಘಾಜಿಯಾಬಾದಿನಿಂದ ತಮ್ಮ ಪೊನ್ನಣ್ಣ ಬಂದ. ಆಟೋದಲ್ಲಿ ಅವನ ಪಕ್ಕಕ್ಕೆ ಇನ್ನೊಬ್ಬ ಸವಾರಿಯಂತೆ ಒಂದು ಬಾಳೆದಿಂಡು ಕೂತಿತ್ತು.

“ಅಣ್ಣ, ಏಳು. ಟೆರೇಸಿಗೆ ಹೋಗಿ ಪ್ರಾಕ್ಟೀಸ್ ಮಾಡೋಣ.”

ಚಂಗಪ್ಪನವರು ಕಾಲು ತೋರಿಸಿದರು. ಎಲ್ಲವನ್ನೂ ಹೇಳಿದರು, ಮುಚ್ಚಿಡಲಿಲ್ಲ. ಆಮೇಲೆ ಹೇಳಿದರು, “ಪೊನ್ನು, ಮದುವೆ ಹೊತ್ತಿಗೆ ಇದು ಮಾಯದಿದ್ದರೆ ಕತ್ತಿ ನೀನು ಹಿಡಿ. ಕುಸುಮಾಗೂ ಹೇಳಿದ್ದೀನಿ.” ಆ ಮಾತು ಹೇಳುವಾಗ ಅವರ ಎದೆಯಲ್ಲಿ ಎಷ್ಟು ಸಂಕಟವಾಯಿತೆಂದು ಮಾಚಮ್ಮನವರಿಗೆ ಗೊತ್ತಿತ್ತು. ಅವರು ಕೆಮ್ಮಲಿಲ್ಲ, ಬಂದು ಗಂಡನ ಹೆಗಲ ಮೇಲೆ ಕೈ ಇಟ್ಟರು.

ಪೊನ್ನಣ್ಣ ಬಾಳೆದಿಂಡನ್ನು ಹೆಗಲಿಗೇರಿಸಿದ. “ಕಾಲು ಬೇಕಾದರೆ ಕೂತಿರಲಿ ಅಣ್ಣ, ಕೈಗೇನಾಗಿದೆ?” ಎಂದ. ದಿಂಡನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ಹಿಡಿದು, ಅಣ್ಣನ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದ. ಕೂತಲ್ಲೇ ಸುಬೇದಾರರು ಕತ್ತಿ ಬೀಸಿದರು. ಅರ್ಧ ದಿಂಡು ಹಾರಿ ಕೆಳಮನೆಯ ಗುಪ್ತಾಜಿಯವರ ಒಣಹಾಕಿದ್ದ ಕುರ್ತಾದ ಮೇಲೆ ಬಿತ್ತು.

“ಅರೇ ಭಾಯಿ, ಊಪರ್ ಕ್ಯಾ ಹೋ ರಹಾ ಹೈ?” ಎಂದು ಗುಪ್ತಾಜಿ ಕೆಳಗಿನಿಂದ ಕೂಗಿದರು, ಮೇಲೇನು ನಡೆಯುತ್ತಿದೆ ಎಂದು.

ಮೂವರೂ ಬಾಲ್ಕನಿಯಲ್ಲಿ ತಲೆ ತಗ್ಗಿಸಿ ಕೂತು ಶಾಲೆಯ ಮಕ್ಕಳಂತೆ ನಕ್ಕರು. ಸಂಜೆ ಕ್ಷಮೆ ಕೇಳಲು ಹೋದ ಮಾಚಮ್ಮನವರ ಕೈಯಲ್ಲಿ ಬಾಳೆದಿಂಡಿನ ಪಲ್ಯದ ಡಬ್ಬಿ ಇತ್ತು.

ನಾಲ್ಕನೆಯ ವಾರ ಕಳೆದ ಮೇಲೆ ಪ್ರೇರಣಾ ಪಟ್ಟಿ ಬಿಚ್ಚಿದಳು. ಗಾಯದ ಜಾಗದಲ್ಲಿ ಹೊಸ ಚರ್ಮ, ಕೂಸಿನ ಕೆನ್ನೆಯಂತೆ ತಿಳಿ ಗುಲಾಬಿ. ಚಂಗಪ್ಪನವರು ಉಸಿರು ಬಿಗಿಹಿಡಿದು ಅವಳ ಮುಖ ನೋಡಿದರು.

“ಕಡೀರಿ, ಅಂಕಲ್,” ಎಂದಳು ಅವಳು. “ಆದರೆ ಬರಿಗಾಲಲ್ಲಿ ಅಲ್ಲ. ನಿಮ್ಮ ಪಾದದ ಅಳತೆಗೆ ಒಳಹಾಸು ಮಾಡಿಸಿದ್ದೀನಿ, ಮುಂದೆ ಅಗಲ ಇರೋ ಈ ಶೂನಲ್ಲೇ. ಸ್ವಲ್ಪ ಹೊತ್ತು ನಿಂತ ಮೇಲೆ ಬಿಚ್ಚಿ ನೋಡಬೇಕು. ಚರ್ಮ ಮಾಯ್ದಿದೆ, ನರ ಮಾಯ್ದಿಲ್ಲ. ಕಾವಲು ಇನ್ಮೇಲೆ ನಿಮ್ಮ ಕಣ್ಣಿಂದಲೇ.”

ಮದುವೆಯ ದಿನ ಸಭಾಂಗಣದ ಎದುರು ಮೂರು ಬಾಳೆದಿಂಡುಗಳು ನಿಂತಿದ್ದವು. ವಾಲಗದವರು ಕೊಡಗಿನಿಂದ ರೈಲಿನಲ್ಲಿ ಬಂದಿದ್ದರು. ಚಂಗಪ್ಪನವರು ಕುಪ್ಯವೆಂಬ ಕಪ್ಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ಕೆಳಗೆ ಅಗಲ ಮೂತಿಯ ಶೂ ಹಾಕಿಕೊಂಡು ಮುಂದೆ ಬಂದರು. ಸಿಂಧೂರ ಕಿಟಕಿಯಿಂದ ಇಣುಕಿ, “ಮಾವ, ಶೂಸ್ ಮಸ್ತ್ ಹೈ. ಈಗ ಕಡೀರಿ ನಾ, ಪ್ಲೀಸ್, ಹೊಟ್ಟೆ ಹಸೀತಿದೆ,” ಎಂದಳು.

ಮೊದಲ ದಿಂಡು ಒಂದೇ ಏಟಿಗೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಅವರು ಬಲಗಾಲನ್ನು ಮುಂದಿಟ್ಟು, ಒಮ್ಮೆ ಕೆಳಗೆ ನೋಡಿ ಪಾದ ಸರಿಯಾಗಿ ಊರಿದೆಯೆಂದು ಕಣ್ಣಿನಿಂದ ಖಚಿತ ಮಾಡಿಕೊಂಡು ಬೀಸಿದರು. ಅದು ಬಿದ್ದದ್ದೇ ತಡ, ವಾಲಗ ಜೋರಾಯಿತು. ಕುಸುಮ ಅಣ್ಣನನ್ನು ತಬ್ಬಿಕೊಂಡು ಅತ್ತಳು. ಅವರೂ ಅತ್ತರು, ಮೀಸೆ ಒದ್ದೆಯಾಗುವಷ್ಟು.

ಆಮೇಲೆ ಕುಣಿತ. ಎರಡು ತಿಂಗಳು ಗೋಡೆ ಹಿಡಿದು ನಡೆದ ಮಾಚಮ್ಮ ಹಿಮ್ಮಡಿಯ ನೋವು ಮರೆತು ಗುಂಪಿನ ನಡುವೆ ಕುಣಿಯುತ್ತಿದ್ದರು. ಚಂಗಪ್ಪನವರೂ ನಾಲ್ಕು ಸುತ್ತು ಹಾಕಿದರು. ಐದನೆಯ ಸುತ್ತಿಗೆ ಪೊನ್ನಣ್ಣ ಕೈಹಿಡಿದು ಎಳೆದಾಗ, “ಒಂದು ನಿಮಿಷ” ಎಂದು ಬಿಡಿಸಿಕೊಂಡು, ಮುನ್ನೂರು ಜನರ ಎದುರಿನಲ್ಲೇ ಕುರ್ಚಿಯ ಮೇಲೆ ಕೂತು ಶೂ ಬಿಚ್ಚಿದರು. ಸಾಕ್ಸ್ ತೆಗೆದರು. ಪಾದವನ್ನು ಮಂಡಿಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು ನೋಡಿದರು. ಸಾಲದೆಂಬಂತೆ ಹೆಂಡತಿಯನ್ನು ಕರೆದು, “ಇವಳೇ, ನೀನೂ ನೋಡು,” ಎಂದರು.

ಮಾಚಮ್ಮ ಬಗ್ಗಿ ಬೆರಳ ಸಂದಿಯನ್ನೂ ಬಿಡದೆ ನೋಡಿದರು. “ಏನೂ ಇಲ್ಲ. ಎಲ್ಲ ಸರಿ ಇದೆ.”

ಸುತ್ತ ನಿಂತಿದ್ದ ನಿವೃತ್ತ ಹವಾಲ್ದಾರರು, ಕರ್ನಲ್ಲರು ಮೊದಲು ನಕ್ಕರು. ಆಮೇಲೆ ಒಬ್ಬರು ಮೆಲ್ಲಗೆ ಪಕ್ಕದ ಕುರ್ಚಿಯಲ್ಲಿ ಕೂತು ತಮ್ಮ ಬೂಟಿನ ಲೇಸು ಬಿಚ್ಚಿದರು. ಅವರಿಗೂ ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು. ನೋಡುತ್ತ ನೋಡುತ್ತ ಇನ್ನೂ ಇಬ್ಬರು ಕೂತರು. ಚಂಗಪ್ಪನವರು ಪಾದ ನೋಡಲು ಅವರ ಮುಂದೆ ಬಗ್ಗಿದರು.

ಈ ಕಥೆ ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮುಖವನ್ನು ದಿನಕ್ಕೆ ಎಷ್ಟು ಸಲ ಕನ್ನಡಿಯಲ್ಲಿ ನೋಡುತ್ತೀರಿ? ಅಂಗಾಲನ್ನು ನೋಡಿ ಎಷ್ಟು ದಿನವಾಯಿತು? ಇವತ್ತು ಕಾಲು ತೊಳೆದು, ಬೆರಳ ಸಂದಿಯ ನೀರನ್ನು ಒರೆಸಿ, ಒಮ್ಮೆ ಪಾದ ತಿರುಗಿಸಿ ನೋಡಿ. ಬಗ್ಗಲು ಆಗದಿದ್ದರೆ ಮನೆಯವರನ್ನು ಕರೆಯಿರಿ, ನಾಚಿಕೆ ಬೇಡ. ಸಕ್ಕರೆ ಕಾಯಿಲೆ ಇದ್ದವರು ದಿನವೂ ನೋಡಿ, ವರ್ಷಕ್ಕೊಮ್ಮೆಯಾದರೂ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ, ಬಿಸಿ ಇಟ್ಟಿಗೆ ಮತ್ತು ಬ್ಲೇಡಿನ ಸಹವಾಸ ಬಿಡಿ. ಹಿಮ್ಮಡಿ ನೋವು, ಆಣಿ, ಒಳಕ್ಕೆ ಬೆಳೆದ ಉಗುರು, ಉಳುಕಿ ಸರಿಹೋಗದ ಗಿಣ್ಣು ಏನೇ ಇರಲಿ, ಪಾದತಜ್ಞರ ಬಳಿ ಹೋಗಿ. ಅವರು ಹತ್ತಿರ ಇಲ್ಲದಿದ್ದರೆ ಆಸ್ಪತ್ರೆಯ ವೈದ್ಯರಿಗೇ ತೋರಿಸಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಹಾಗೆ ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಮದುವೆಯಲ್ಲೂ ನೀವು ಕುಣಿಯಬೇಕು.